ಆಟದ ಡಬ್ಬಿ ಸಿಗುತ್ತದೆ, ಆಡುವವರು ಸಿಗಬೇಕಲ್ಲ: ಜೆನ್ ಕಾನ್ ನಡೆಯುವ ಬಗೆ

ಅಮೆರಿಕದ ಇಂಡಿಯಾನಾಪೊಲಿಸ್ ಊರಿನ ಕನ್ವೆನ್ಷನ್ ಸೆಂಟರ್ ಪ್ರತಿ ಬೇಸಿಗೆಯಲ್ಲಿ ನಾಲ್ಕು ದಿನ, ಗುರುವಾರದಿಂದ ಭಾನುವಾರದವರೆಗೆ, ಮೇಜು ಕುರ್ಚಿಗಳಿಂದ ತುಂಬಿಹೋಗುತ್ತದೆ. ಅಲ್ಲಿ ಜಾಗ ಸಾಲದೆ ಅಕ್ಕಪಕ್ಕದ ಹೋಟೆಲ್‌ಗಳ ಹಾಲ್‌ಗಳನ್ನೂ, ಅಮೆರಿಕನ್ ಫುಟ್‌ಬಾಲ್ ಪಂದ್ಯ ನಡೆಯುವ ಲೂಕಸ್ ಆಯಿಲ್ ಕ್ರೀಡಾಂಗಣವನ್ನೂ ಬಳಸಿಕೊಳ್ಳುತ್ತಾರೆ. ಇದು ಜೆನ್ ಕಾನ್ ಅನ್ನುವ ಆಟಗಳ ಸಮ್ಮೇಳನ. 2023ರಲ್ಲಿ ಇಲ್ಲಿಗೆ ಬಂದವರ ಸಂಖ್ಯೆ 70 ಸಾವಿರ ದಾಟಿತು. ಬಂದವರು ರಜೆ ಹಾಕಿ, ದುಡ್ಡು ಖರ್ಚು ಮಾಡಿ, ಮುಖಪರಿಚಯವೂ ಇಲ್ಲದವರ ಜೊತೆ ಕೂತು ಬೋರ್ಡ್ ಗೇಮ್ ಆಡುತ್ತಾರೆ.

ಮನೆಯಲ್ಲೇ ಆಡಬಹುದಲ್ವಾ, ಅದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು ಅಂತ ಕೇಳುವವರು ಇದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಈ ಹವ್ಯಾಸಕ್ಕೆ ಬಿದ್ದ ಯಾರನ್ನಾದರೂ ಕೇಳಿ ನೋಡಿ. ಅವರ ಕಪಾಟಿನಲ್ಲಿ ಇನ್ನೂ ಒಂದು ಸಲವೂ ಆಡದ ಡಬ್ಬಿ ಒಂದಾದರೂ ಇರುತ್ತದೆ. ಡಬ್ಬಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ಆದರೆ ಒಂದೇ ದಿನ, ಒಂದೇ ಹೊತ್ತಿಗೆ, ಮೂರು ಗಂಟೆ ಬಿಡುವಿರುವ ನಾಲ್ಕು ಜನ ಸಿಗುವುದು ಕಷ್ಟ. ಅವರಲ್ಲಿ ಒಬ್ಬರಿಗಾದರೂ ನಿಯಮ ಸರಿಯಾಗಿ ಗೊತ್ತಿರುವುದು ಇನ್ನೂ ಕಷ್ಟ. ಜೆನ್ ಕಾನ್‌ನಂಥ ಸಮ್ಮೇಳನ ಹುಟ್ಟಿದ್ದೇ ಈ ಕೊರತೆಯಿಂದ. ಅಲ್ಲಿ ಸಾಮಾನು ಮಾರುವ ಮಳಿಗೆಗಳು ಬೇಕಾದಷ್ಟಿವೆ, ನಿಜ. ಆದರೆ ಅಲ್ಲಿ ಸಿಗುವ ಬೆಲೆಬಾಳುವ ವಸ್ತು ಮಾತ್ರ ಜೊತೆಗೆ ಕೂತು ಆಡುವ ಮನುಷ್ಯರು.

ಮೊದಲು ಒಂದು ಅನುಮಾನ ಬಗೆಹರಿಸಿಬಿಡುತ್ತೇನೆ. ನಮ್ಮಲ್ಲಿ ದೊಡ್ಡವರು ಮೇಜಿನ ಸುತ್ತ ಎಲೆ ಹಿಡಿದು ಕೂತರೆ ಇಸ್ಪೀಟು, ಜೂಜು ಅಂತಲೇ ಲೆಕ್ಕ. ಇಲ್ಲಿ ಪಣಕ್ಕೆ ಹಣ ಇಡುವ ಮಾತಿಲ್ಲ. ಗೆದ್ದವರಿಗೆ ಸಿಗುವುದು ಬಹುಪಾಲು ಗೆದ್ದ ಸಂತೋಷ ಅಷ್ಟೆ.

ಇಲ್ಲಿ ಆಡುವುದಕ್ಕೆಲ್ಲ ಟೇಬಲ್‌ಟಾಪ್ ಆಟ ಅಂತಾರೆ. ಅಂದರೆ ಮೇಜಿನ ಮೇಲೆ, ಎದುರೆದುರು ಕೂತು ಆಡುವ ಆಟಗಳೆಲ್ಲ ಅದರೊಳಗೆ ಬಂದವು. ಬೋರ್ಡ್ ಗೇಮ್, ಕಾರ್ಡ್ ಗೇಮ್, ಪುಟ್ಟ ಸೈನಿಕರ ಗೊಂಬೆಗಳಿಗೆ ಬಣ್ಣ ಹಚ್ಚಿ ಆಡುವ ಯುದ್ಧದಾಟ, ಬಾಯಿಮಾತಿನಲ್ಲೇ ಕತೆ ಕಟ್ಟುತ್ತಾ ಆಡುವ ರೋಲ್ ಪ್ಲೇಯಿಂಗ್. ಈ ನಾಲ್ಕರಲ್ಲಿ ಎರಡನ್ನು ಹತ್ತಿರದಿಂದ ನೋಡೋಣ. ಉಳಿದವು ತಾವಾಗಿಯೇ ಅರ್ಥವಾಗುತ್ತವೆ.

ಕಟಾನ್ ಅನ್ನುವ ಆಟ ತೆಗೆದುಕೊಳ್ಳಿ. ಜರ್ಮನಿಯ ಕ್ಲಾಸ್ ಟಾಯ್ಬರ್ ಇದನ್ನು 1995ರಲ್ಲಿ ಹೊರತಂದರು. ಆಗ ಅವರ ವೃತ್ತಿ ಕೃತಕ ಹಲ್ಲು ತಯಾರಿಸುವುದಾಗಿತ್ತು. ಸಂಜೆ ಮನೆಗೆ ಬಂದು ನೆಲಮಾಳಿಗೆಯಲ್ಲಿ ಆಟ ಕಟ್ಟುತ್ತಿದ್ದರು, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಪರೀಕ್ಷೆ ಮಾಡುತ್ತಿದ್ದರು. ಈ ಆಟದಲ್ಲಿ ಆರು ಮೂಲೆಯ 19 ಬಿಲ್ಲೆಗಳನ್ನು ಜೋಡಿಸಿದರೆ ಒಂದು ದ್ವೀಪ ಆಗುತ್ತದೆ. ಒಂದು ಬಿಲ್ಲೆ ಮರಳುಗಾಡು. ಉಳಿದ 18ರಲ್ಲಿ ಮರ, ಇಟ್ಟಿಗೆ, ಉಣ್ಣೆ, ಗೋಧಿ, ಅದಿರು ಸಿಗುತ್ತವೆ. ಪ್ರತಿಯೊಂದರ ಮೇಲೂ ಒಂದು ಸಂಖ್ಯೆ ಇರುತ್ತದೆ. ಎರಡು ದಾಳ ಉರುಳಿಸಿ ಬಂದ ಮೊತ್ತ ಎಂಟು ಅಂತಿಟ್ಟುಕೊಳ್ಳಿ. ಎಂಟು ಬರೆದ ಬಿಲ್ಲೆಯ ಮೂಲೆಗಳಲ್ಲಿ ಯಾರ್‍ಯಾರ ಮನೆ ಇದೆಯೋ ಅವರಿಗೆಲ್ಲ ಆ ಬಿಲ್ಲೆಯ ಸಾಮಾನು ಬಂತು. ಹೀಗೆ ಸಾಮಾನು ಕೂಡಿಸಿ ರಸ್ತೆ, ಮನೆ, ಪಟ್ಟಣ ಕಟ್ಟುತ್ತಾ ಹೋಗಬೇಕು. ಮೊದಲು 10 ಅಂಕ ಮುಟ್ಟಿದವರು ಗೆದ್ದರು.

ಇದರ ಜಾಣತನ ಎಲ್ಲಿದೆ ಅಂದರೆ, ದಾಳ ಉರುಳಿಸಿದ್ದು ನೀವಾದರೂ ಸಾಮಾನು ನನಗೂ ಬರಬಹುದು. ಹಾಗಾಗಿ ಬೇರೆಯವರ ಸರದಿಯಲ್ಲೂ ಎಲ್ಲರ ಕಣ್ಣು ದಾಳದ ಮೇಲೇ ಇರುತ್ತದೆ. ಮೊಬೈಲ್ ತೆಗೆಯಲು ಪುರುಸೊತ್ತಿಲ್ಲ. ಮನೆ ಎಲ್ಲಿ ಕಟ್ಟಬೇಕು ಅನ್ನುವುದಕ್ಕೂ ಲೆಕ್ಕ ಇದೆ. ಎರಡು ದಾಳ 36 ಬಗೆಯಲ್ಲಿ ಬೀಳಬಹುದು. ಅದರಲ್ಲಿ ಮೊತ್ತ ಎರಡು ಬರುವುದು ಒಂದೇ ಬಗೆಯಲ್ಲಿ. ಆರು ಬರಲು ಐದು ದಾರಿ, ಎಂಟಕ್ಕೂ ಐದು ದಾರಿ. ಎಲ್ಲಕ್ಕಿಂತ ಜಾಸ್ತಿ ಬರುವುದು ಏಳು, ಅದಕ್ಕೆ ಆರು ದಾರಿ. ಏಳು ಬಿದ್ದರೆ ಯಾರಿಗೂ ಸಾಮಾನಿಲ್ಲ, ಬದಲಿಗೆ ಕಳ್ಳ ಬರುತ್ತಾನೆ. ಕೈಯಲ್ಲಿ ಏಳಕ್ಕಿಂತ ಜಾಸ್ತಿ ಸಾಮಾನಿನ ಎಲೆ ಕೂಡಿಟ್ಟುಕೊಂಡವರು ಅರ್ಧ ವಾಪಸ್ ಕೊಡಬೇಕು. ಅಂದರೆ ಬಚ್ಚಿಟ್ಟುಕೊಂಡು ಕೂರುವವರಿಗೆ ಹೊಡೆತ, ಕೊಟ್ಟು ತಗೊಳ್ಳುವವರಿಗೆ ಲಾಭ.

ಆ ಕೊಟ್ಟು ತಗೊಳ್ಳುವುದೇ ಆಟದ ಜೀವ. "ನನಗೊಂದು ಇಟ್ಟಿಗೆ ಬೇಕು, ಎರಡು ಉಣ್ಣೆ ಕೊಡ್ತೀನಿ." "ಉಣ್ಣೆ ನನ್ನ ಹತ್ರ ಜಾಸ್ತಿನೇ ಇದೆ, ಗೋಧಿ ಇದ್ರೆ ಹೇಳಿ." "ಅವರಿಗೆ ಕೊಡಬೇಡಿ, ಎಂಟು ಅಂಕ ಆಗಿದೆ ಆಗ್ಲೇ." ಹತ್ತು ನಿಮಿಷದ ಹಿಂದೆ ಹೆಸರೂ ಗೊತ್ತಿಲ್ಲದವರು ಹೀಗೆ ಚೌಕಾಸಿಗೆ ಇಳಿದುಬಿಡುತ್ತಾರೆ. ಮಾತು ಶುರು ಮಾಡಲು ನೆಪ ಹುಡುಕಬೇಕಾಗಿಲ್ಲ, ನಿಯಮವೇ ಮಾತಾಡಿಸುತ್ತದೆ. ಸಂಕೋಚದ ಸ್ವಭಾವದವರಿಗೆ ಇದು ಎಷ್ಟು ದೊಡ್ಡ ಉಪಕಾರ ಅನ್ನುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ನಮ್ಮ ಚೌಕಾಬಾರ, ಪಗಡೆಗಳ ಜೊತೆ ಇಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಅಲ್ಲಿ ಎದುರಾಳಿಯ ಕಾಯಿ ಕಡಿದು ಹಿಂದಕ್ಕೆ ಕಳಿಸುವುದರಲ್ಲಿ ಮಜಾ ಇದೆ. ಕಟಾನ್‌ನಂಥ ಜರ್ಮನ್ ಶೈಲಿಯ ಆಟಗಳಲ್ಲಿ ಕಟ್ಟಿದ್ದನ್ನು ಯಾರೂ ಕೆಡವುವುದಿಲ್ಲ, ಆಟದ ನಡುವೆ ಯಾರನ್ನೂ ಎಬ್ಬಿಸಿ ಕಳಿಸುವುದಿಲ್ಲ. ಕೊನೆಯವರೆಗೂ ಎಲ್ಲರೂ ಮೇಜಿನಲ್ಲೇ ಇರುತ್ತಾರೆ. ಯಾವುದು ಮೇಲು ಅನ್ನುವ ಪ್ರಶ್ನೆ ಇಲ್ಲ. ಕಾಯಿ ಕಡಿಯುವ ಖುಷಿಯೇ ಬೇರೆ. ಆದರೆ ಅಪರಿಚಿತರ ಜೊತೆ ಮೊದಲ ಸಲ ಕೂರುವಾಗ ಎರಡನೆಯ ಬಗೆ ಹಗುರ.

ಈಗ ರೋಲ್ ಪ್ಲೇಯಿಂಗ್. ಇದನ್ನು ಬಾಯಲ್ಲಿ ವಿವರಿಸುವುದು ನಿಜಕ್ಕೂ ಕಷ್ಟ, ಯಾಕೆಂದರೆ ಮೇಜಿನ ಮೇಲೆ ಬೋರ್ಡ್ ಇರಲೇಬೇಕು ಅಂತಿಲ್ಲ. ಒಬ್ಬರು ಕತೆ ನಡೆಸುವವರು, ಅವರನ್ನು ಗೇಮ್ ಮಾಸ್ಟರ್ ಅಂತಾರೆ. ಉಳಿದವರಿಗೆ ಒಂದೊಂದು ಪಾತ್ರ. ಪಾತ್ರದ ಬಲ, ಚುರುಕು, ಮಾತಿನ ಚಾಕಚಕ್ಯ ಎಲ್ಲ ಒಂದು ಹಾಳೆಯಲ್ಲಿ ಅಂಕಿಗಳಾಗಿ ಬರೆದಿರುತ್ತವೆ. ಆಟ ಹೀಗೆ ಸಾಗುತ್ತದೆ.

"ನಿಮ್ಮ ಮುಂದೆ ಹಗ್ಗದ ಸೇತುವೆ. ಕೆಳಗೆ ತುಂಬಿದ ಹೊಳೆ. ಆಚೆ ದಡದಲ್ಲಿ ಕಾವಲುಗಾರ ನಿಂತಿದ್ದಾನೆ. ಏನು ಮಾಡ್ತೀರಿ?"

"ನಾನು ಧೈರ್ಯವಾಗಿ ನಡ್ಕೊಂಡು ಹೋಗ್ತೀನಿ. ನಾನೊಬ್ಬ ಉಪ್ಪಿನ ವ್ಯಾಪಾರಿ ಅಂತ ಹೇಳ್ತೀನಿ."

"ಸರಿ, ಅವನು ನಂಬಬೇಕಾದ್ರೆ 15 ಬರಬೇಕು. ದಾಳ ಹಾಕಿ."

ಇಲ್ಲಿನ ದಾಳಕ್ಕೆ 20 ಮುಖ. ಆಟಗಾರ್ತಿಯ ಪಾತ್ರಕ್ಕೆ ಮಾತಿನ ಕಲೆಯಲ್ಲಿ ಐದು ಅಂಕ ಇದೆ ಅಂದುಕೊಳ್ಳಿ. ದಾಳದಲ್ಲಿ 10 ಅಥವಾ ಅದಕ್ಕಿಂತ ಮೇಲೆ ಬಿದ್ದರೆ ಸಾಕು, ಐದು ಸೇರಿ 15 ಆಯಿತು. 20 ಮುಖಗಳಲ್ಲಿ 11 ಅವರ ಕಡೆ ಇವೆ. ಅಂದರೆ ಶೇಕಡ 55 ಅವಕಾಶ. ಅವರು ದಾಳ ಹಾಕುತ್ತಾರೆ, ಏಳು ಬೀಳುತ್ತದೆ. ಒಟ್ಟು 12, ಸಾಲಲಿಲ್ಲ. ಕತೆ ಇಲ್ಲಿಗೆ ನಿಲ್ಲುವುದಿಲ್ಲ. ಗೇಮ್ ಮಾಸ್ಟರ್ ಕಾವಲುಗಾರನ ದನಿಯಲ್ಲಿ ಹೇಳುತ್ತಾರೆ: "ಉಪ್ಪಿನ ವ್ಯಾಪಾರಿನಾ? ಹಾಗಾದ್ರೆ ಮೂಟೆ ಬಿಚ್ಚು, ನೋಡೋಣ." ಈಗ ಮೇಜಿನ ಐದೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಮೂಟೆಯೊಳಗೆ ಇರುವುದು ಉಪ್ಪಲ್ಲ ಅಂತ ಎಲ್ಲರಿಗೂ ಗೊತ್ತು. ಮುಂದಿನ ಹದಿನೈದು ನಿಮಿಷದ ಕತೆ ಆ ಒಂದು ಸೋಲಿನಿಂದ ಹುಟ್ಟಿತು, ಅದನ್ನು ಯಾರೂ ಮೊದಲೇ ಬರೆದಿಟ್ಟಿರಲಿಲ್ಲ. ಗೆಲುವಿಗಿಂತ ಸೋಲೇ ಒಳ್ಳೆಯ ಕತೆ ಕೊಡುವ ಆಟ ಇದು. ನನಗೆ ಇದರ ಮೇಲೆ ಇಷ್ಟು ಪ್ರೀತಿ ಬರಲು ಕಾರಣವೂ ಅದೇ.

ಈ ಬಗೆಯ ಆಟಕ್ಕೆ ತಾಯಿಬೇರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅದು ಹುಟ್ಟಿದ ಕತೆಗೂ ಜೆನ್ ಕಾನ್‌ಗೂ ನೇರ ಸಂಬಂಧ ಇದೆ.

1960ರ ದಶಕದಲ್ಲಿ ಅಮೆರಿಕದಲ್ಲಿ ಯುದ್ಧದಾಟ ಆಡುವವರು ಅಲ್ಲೊಬ್ಬ ಇಲ್ಲೊಬ್ಬ ಚದುರಿಹೋಗಿದ್ದರು. ಊರಿಗೆ ಒಬ್ಬನೇ ಆಟಗಾರ ಇದ್ದರೆ ಅವನು ಯಾರ ಜೊತೆ ಆಡಬೇಕು? ಎಷ್ಟೋ ಜನ ಒಂದೊಂದೇ ನಡೆಯನ್ನು ಕಾಗದದಲ್ಲಿ ಬರೆದು ಅಂಚೆಯಲ್ಲಿ ಕಳಿಸಿ ಆಡುತ್ತಿದ್ದರು. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಪುಟ್ಟ ಊರಿನ ಗ್ಯಾರಿ ಗೈಗ್ಯಾಕ್ಸ್ ಅಂಥವರಲ್ಲಿ ಒಬ್ಬರು. 1968ರ ಆಗಸ್ಟ್‌ನಲ್ಲಿ ಅವರು ಊರಿನ ಹಾರ್ಟಿಕಲ್ಚರಲ್ ಹಾಲ್ ಅನ್ನು 50 ಡಾಲರ್‌ಗೆ ಬಾಡಿಗೆ ಹಿಡಿದು ಆಟಗಾರರನ್ನು ಕರೆದರು. ನೂರರ ಆಸುಪಾಸು ಜನ ಬಂದರು. ಅದೇ ಮೊದಲ ಜೆನ್ ಕಾನ್. ಊರಿನ ಹೆಸರಾದ ಜಿನೀವಾದಿಂದ ಜೆನ್, ಕನ್ವೆನ್ಷನ್‌ನಿಂದ ಕಾನ್ ಸೇರಿ ಈ ಹೆಸರು ಬಂತು.

ಮರುವರ್ಷದ ಜೆನ್ ಕಾನ್‌ಗೆ ಮಿನ್ನೆಸೋಟದಿಂದ ಡೇವ್ ಆರ್ನೆಸನ್ ಎಂಬ ಹುಡುಗ ಬಂದ. ಅಲ್ಲೇ ಅವನಿಗೂ ಗೈಗ್ಯಾಕ್ಸ್‌ಗೂ ಪರಿಚಯ ಆಯಿತು. ಮುಂದೆ ಆರ್ನೆಸನ್ ತನ್ನ ಗೆಳೆಯರ ಜೊತೆ ಒಂದು ಹೊಸ ಬಗೆಯ ಆಟ ಆಡತೊಡಗಿದ. ಅದರಲ್ಲಿ ಆಟಗಾರ ಇಡೀ ಸೈನ್ಯ ನಡೆಸುತ್ತಿರಲಿಲ್ಲ, ಒಬ್ಬನೇ ಒಬ್ಬ ಮನುಷ್ಯನಾಗಿ ಕತೆಯೊಳಗೆ ಇಳಿಯುತ್ತಿದ್ದ. ಅದನ್ನು ಲೇಕ್ ಜಿನೀವಾಕ್ಕೆ ತಂದು ಗೈಗ್ಯಾಕ್ಸ್ ಮುಂದೆ ಆಡಿ ತೋರಿಸಿದ. ಗೈಗ್ಯಾಕ್ಸ್ ಕೂತು ನಿಯಮಗಳನ್ನು ಬರೆದರು. 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರಬಂತು, ಮೊದಲ ಮುದ್ರಣ ಸಾವಿರ ಪ್ರತಿ. ಇಂದಿನ ಕಂಪ್ಯೂಟರ್ ಗೇಮ್‌ಗಳಲ್ಲಿ ಕಾಣುವ ಲೆವೆಲ್, ಹಿಟ್ ಪಾಯಿಂಟ್, ಪಾತ್ರದ ಅನುಭವದ ಅಂಕ ಇವೆಲ್ಲ ಈ ಪುಟ್ಟ ಡಬ್ಬಿಯ ಮೂಲಕವೇ ಜಗತ್ತಿಗೆಲ್ಲ ಹರಡಿದವು. 50 ಡಾಲರ್ ಬಾಡಿಗೆಯ ಹಾಲ್‌ನಲ್ಲಿ ಆ ಇಬ್ಬರು ಎದುರುಬದುರು ಆಗದೇ ಹೋಗಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದಾಗಲೆಲ್ಲ ನನಗೆ ಮೈ ಝುಂ ಅನ್ನುತ್ತದೆ.

ಸಮ್ಮೇಳನ ಹುಟ್ಟಿಸಿದ ಆಟ ಇದೊಂದೇ ಅಲ್ಲ. 1991ರಲ್ಲಿ ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತ ವಿದ್ಯಾರ್ಥಿ ತನ್ನ ಒಂದು ಬೋರ್ಡ್ ಗೇಮ್ ಹಿಡಿದು ಪೀಟರ್ ಆಡ್ಕಿಸನ್ ಅನ್ನುವ ಪ್ರಕಾಶಕರ ಹತ್ತಿರ ಹೋದರು. ಆಡ್ಕಿಸನ್‌ರದು ಆಗಷ್ಟೇ ಹುಟ್ಟಿದ ಸಣ್ಣ ಕಂಪನಿ, ವಿಝರ್ಡ್ಸ್ ಆಫ್ ದಿ ಕೋಸ್ಟ್. ಆಟ ಚೆನ್ನಾಗಿತ್ತು, ಆದರೆ ಅದನ್ನು ತಯಾರಿಸುವಷ್ಟು ದುಡ್ಡು ಅವರ ಹತ್ತಿರ ಇರಲಿಲ್ಲ. ಸಮ್ಮೇಳನದಲ್ಲಿ ಒಂದು ಆಟ ಮುಗಿದು ಇನ್ನೊಂದು ಶುರುವಾಗುವ ನಡುವಿನ ಬಿಡುವಿನಲ್ಲಿ ಆಡುವಂಥದ್ದು, ಜೇಬಿನಲ್ಲಿ ಹಿಡಿಯುವಂಥದ್ದು ಏನಾದರೂ ಮಾಡಿಕೊಡಿ ಅಂತ ಆಡ್ಕಿಸನ್ ಕೇಳಿದರು. ಗಾರ್ಫೀಲ್ಡ್ ಮಾಡಿಕೊಟ್ಟಿದ್ದು ಮ್ಯಾಜಿಕ್: ದಿ ಗ್ಯಾದರಿಂಗ್. 1993ರ ಆಗಸ್ಟ್‌ನಲ್ಲಿ ಅದು ಮಾರುಕಟ್ಟೆಗೆ ಬಂತು. ಪ್ರತಿ ಆಟಗಾರನೂ ತನ್ನದೇ ಎಲೆಗಳನ್ನು ಆರಿಸಿ ತನ್ನದೇ ಕಟ್ಟು ತಯಾರು ಮಾಡಿಕೊಂಡು ಬರುವ ಹೊಸ ಬಗೆಯ ಕಾರ್ಡ್ ಗೇಮ್ ಅಲ್ಲಿಂದ ಶುರುವಾಯಿತು. ಮುಂದೆ 2002ರಲ್ಲಿ ಇದೇ ಆಡ್ಕಿಸನ್ ಜೆನ್ ಕಾನ್ ಅನ್ನೇ ಕೊಂಡುಕೊಂಡರು. ಮಿಲ್ವಾಕಿ ಊರಿನಲ್ಲಿ ನಡೆಯುತ್ತಿದ್ದ ಸಮ್ಮೇಳನ 2003ರಿಂದ ಇಂಡಿಯಾನಾಪೊಲಿಸ್‌ಗೆ ಬಂತು.

ಸರಿ, ಅಷ್ಟು ಸಾವಿರ ಜನರನ್ನು ಮೇಜುಗಳಿಗೆ ಹಂಚುವುದು ಹೇಗೆ? ನಮ್ಮ ಸಾಹಿತ್ಯ ಸಮ್ಮೇಳನ ನೆನಪು ಮಾಡಿಕೊಳ್ಳಿ. ಅಲ್ಲಿ ಪುಸ್ತಕ ಮಳಿಗೆ ಒಂದು ಕಡೆ, ಗೋಷ್ಠಿ ಇನ್ನೊಂದು ಕಡೆ. ಜೆನ್ ಕಾನ್‌ನಲ್ಲೂ ಹಾಗೆಯೇ ಎರಡು ಲೋಕ ಇವೆ. ದೊಡ್ಡ ಹಾಲ್‌ನಲ್ಲಿ ಪ್ರಕಾಶಕರ ಮಳಿಗೆಗಳು. ಉಳಿದ ಕಡೆಯೆಲ್ಲ ಆಟ. ಆದರೆ ಇಲ್ಲಿನ ಗೋಷ್ಠಿಗಳಲ್ಲಿ ಬಂದವರೆಲ್ಲರೂ ಮಾತಾಡುತ್ತಾರೆ, ಪ್ರತಿ ಮೇಜಿಗೆ ಇಷ್ಟೇ ಕುರ್ಚಿ ಅಂತ ಲೆಕ್ಕ ಇರುತ್ತದೆ.

ಒಳಗೆ ಬರಲು ಬ್ಯಾಡ್ಜ್ ಬೇಕು. ಅದು ಬಾಗಿಲು ದಾಟಿಸುತ್ತದೆ ಅಷ್ಟೆ. ಒಂದೊಂದು ಆಟಕ್ಕೂ ಬೇರೆ ಟಿಕೆಟ್. ಯಾವ ದಿನ, ಎಷ್ಟು ಗಂಟೆಗೆ, ಯಾವ ಮೇಜು, ಎಷ್ಟು ಜನ, ಹೊಸಬರಿಗೆ ಹೇಳಿಕೊಡುತ್ತಾರೋ ಇಲ್ಲವೋ ಎಲ್ಲ ಪಟ್ಟಿಯಲ್ಲಿ ಮೊದಲೇ ಬಂದಿರುತ್ತದೆ. ಸಾವಿರಾರು ಆಟಗಳ ಆ ಪಟ್ಟಿ ಓದುವುದೇ ಒಂದು ಕೆಲಸ. ನಿಮಗೆ ಬೇಕಾದವನ್ನು ಇಷ್ಟದ ಕ್ರಮದಲ್ಲಿ ಜೋಡಿಸಿ ಇಟ್ಟುಕೊಳ್ಳಬೇಕು. ನೋಂದಣಿ ತೆರೆದ ಕ್ಷಣ ಎಲ್ಲರೂ ಒಟ್ಟಿಗೆ ಒತ್ತುತ್ತಾರೆ, ಕಂಪ್ಯೂಟರ್ ಎಲ್ಲರನ್ನೂ ಒಂದು ಸರತಿಯಲ್ಲಿ ನಿಲ್ಲಿಸುತ್ತದೆ. ನಿಮ್ಮ ಸರದಿ ಎಲ್ಲಿ ಬಂತು ಅನ್ನುವುದು ಅದೃಷ್ಟ. ಅಷ್ಟು ಹೊತ್ತಿಗೆ ಮೊದಲ ಆಯ್ಕೆ ತುಂಬಿಹೋಗಿದ್ದರೆ ಎರಡನೆಯದು, ಅದೂ ಇಲ್ಲದಿದ್ದರೆ ಮೂರನೆಯದು.

ಟಿಕೆಟ್ ಸಿಗಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಕಿಲ್ಲ. ಜೆನರಿಕ್ ಟಿಕೆಟ್ ಅಂತ ಸಿಗುತ್ತದೆ, ಬಹುಪಾಲು ಆಟಗಳಿಗೆ ನಡೆಯುತ್ತದೆ. ಅದನ್ನು ಹಿಡಿದು ಮೇಜಿನ ಹತ್ತಿರ ಹೋಗಿ ನಿಲ್ಲಬೇಕು. ಟಿಕೆಟ್ ತೆಗೆದುಕೊಂಡವರು ಬರಲಿಲ್ಲ ಅಂದರೆ ಆ ಕುರ್ಚಿ ನಿಮ್ಮದು. ನಾಲ್ಕು ದಿನ ಓಡಾಡಿದವರಿಗೆ ಸುಸ್ತಾಗುತ್ತದೆ, ಹಿಂದಿನ ಆಟ ತಡವಾಗಿ ಮುಗಿಯುತ್ತದೆ, ಊಟದ ಸಾಲು ಕರಗುವುದಿಲ್ಲ. ಹಾಗಾಗಿ ಖಾಲಿ ಕುರ್ಚಿ ಹೊಸದೇನಲ್ಲ. ನನ್ನ ಕೇಳಿದರೆ ಮೊದಲ ಸಲ ಹೋಗುವವರು ದಿನಕ್ಕೆ ಒಂದೇ ಟಿಕೆಟ್ ತೆಗೆದುಕೊಂಡು, ಉಳಿದ ಹೊತ್ತನ್ನು ಹೀಗೆ ಸುಮ್ನೆ ಓಡಾಡಲು ಬಿಡುವುದೇ ವಾಸಿ.

ಮೇಜಿನ ತಲೆಯಲ್ಲಿ ಕೂತು ಆಟ ನಡೆಸುವವರು ಬಹುಪಾಲು ಸ್ವಯಂಸೇವಕರು. ಇವರ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕೆಂದರೆ ಇಡೀ ಸಮ್ಮೇಳನ ನಿಂತಿರುವುದು ಇವರ ಗಂಟಲಿನ ಮೇಲೆ. ಒಂದೇ ನಿಯಮವನ್ನು ಬೆಳಗ್ಗೆ ಒಂದು ಗುಂಪಿಗೆ, ಮಧ್ಯಾಹ್ನ ಇನ್ನೊಂದು ಗುಂಪಿಗೆ, ಸಂಜೆ ಮತ್ತೊಂದಕ್ಕೆ ಹೇಳಿಕೊಡುತ್ತಾರೆ. ಮೂರನೆಯ ಗುಂಪಿಗೂ ಅದು ಮೊದಲ ಸಲದ ಆಟವೇ ಅನ್ನುವುದನ್ನು ಮರೆಯುವುದಿಲ್ಲ. ಪುಸ್ತಕ ಓದಿ ಒಂದು ಗಂಟೆ ಒದ್ದಾಡಿದರೂ ಅರ್ಥವಾಗದ ಆಟ ಇಂಥವರ ಬಾಯಲ್ಲಿ ಹತ್ತು ನಿಮಿಷದಲ್ಲಿ ತಲೆಗೆ ಹೋಗುತ್ತದೆ. ನಿಯಮಪುಸ್ತಕ ನೀವು ಎಲ್ಲಿ ತಡವರಿಸುತ್ತಿದ್ದೀರಿ ಅಂತ ನೋಡಲಾರದು. ಎದುರು ಕೂತವರು ನೋಡುತ್ತಾರೆ, ಅಲ್ಲೇ ನಿಲ್ಲಿಸಿ ಇನ್ನೊಂದು ಸಲ ಹೇಳುತ್ತಾರೆ.

ದೊಡ್ಡ ಸಮ್ಮೇಳನಗಳಲ್ಲಿ ಆಟಗಳ ಗ್ರಂಥಾಲಯವೂ ಇರುತ್ತದೆ. ಡಬ್ಬಿ ಎರವಲು ತೆಗೆದುಕೊಳ್ಳಿ, ಖಾಲಿ ಮೇಜು ಹಿಡಿಯಿರಿ, ಆಡಿ, ವಾಪಸ್ ಕೊಡಿ. ಜನ ಬೇಕಿದ್ದರೆ ಮೇಜಿನ ಮೇಲೆ ಆಟಗಾರರು ಬೇಕಾಗಿದ್ದಾರೆ ಅನ್ನುವ ಬಾವುಟ ನಿಲ್ಲಿಸುವ ಪದ್ಧತಿ ಎಷ್ಟೋ ಕಡೆ ಇದೆ. ಅದನ್ನು ನೋಡಿ ಯಾರೋ ಬಂದು "ಕೂರಬಹುದಾ?" ಅಂತ ಕೇಳುತ್ತಾರೆ. ಅಷ್ಟೇ ಪರಿಚಯ.

ಹಳೆಯ ಆಟ ಕೈಬದಲಾಗುವ ಒಂದು ಚಂದದ ಏರ್ಪಾಟಿದೆ, ಅದಕ್ಕೆ ಮ್ಯಾತ್ ಟ್ರೇಡ್ ಅಂತ ಹೆಸರು. ನನ್ನ ಹತ್ತಿರ ಕಟಾನ್ ಇದೆ, ನನಗೆ ಬೇಕಾಗಿರುವುದು ಟಿಕೆಟ್ ಟು ರೈಡ್ ಅನ್ನುವ ಆಟ. ಅದು ನಿಮ್ಮ ಹತ್ತಿರ ಇದೆ, ಆದರೆ ನಿಮಗೆ ಕಟಾನ್ ಬೇಡ, ಅಝುಲ್ ಅನ್ನುವ ಇನ್ನೊಂದು ಆಟ ಬೇಕು. ಅಝುಲ್ ಇರುವ ಮೂರನೆಯವರಿಗೆ ಕಟಾನ್ ಬೇಕು. ಇಬ್ಬಿಬ್ಬರೇ ಮಾತಾಡಿದರೆ ಇದು ಎಂದಿಗೂ ಕುದುರುವ ವ್ಯವಹಾರ ಅಲ್ಲ. ಮೂವರನ್ನೂ ಸುತ್ತಲೂ ನಿಲ್ಲಿಸಿದರೆ ಒಂದೇ ಏಟಿಗೆ ಎಲ್ಲರಿಗೂ ಬೇಕಾದ್ದು ಸಿಕ್ಕಿತು. ಮ್ಯಾತ್ ಟ್ರೇಡ್‌ನಲ್ಲಿ ಪ್ರತಿಯೊಬ್ಬರೂ ಏನು ಕೊಡುತ್ತೇನೆ, ಅದರ ಬದಲಿಗೆ ಯಾವ್ಯಾವುದು ಬಂದರೆ ಒಪ್ಪುತ್ತೇನೆ ಅಂತ ಪಟ್ಟಿ ಕೊಡುತ್ತಾರೆ. ಕಂಪ್ಯೂಟರ್ ಪ್ರೋಗ್ರಾಂ ಎಲ್ಲ ಪಟ್ಟಿಗಳನ್ನೂ ಜಾಲಾಡಿ ಇಂಥ ಸುತ್ತುಗಳನ್ನು ಹುಡುಕುತ್ತದೆ, ಆದಷ್ಟು ಹೆಚ್ಚು ಜನರಿಗೆ ಬದಲಾವಣೆ ಆಗುವ ಹಾಗೆ ಜೋಡಿಸುತ್ತದೆ. ಒಪ್ಪದ ವಸ್ತು ಯಾರಿಗೂ ಬರುವುದಿಲ್ಲ, ಯಾರೂ ಒಂದು ಪೈಸೆ ಕೊಡಬೇಕಿಲ್ಲ. ಸಮ್ಮೇಳನದಲ್ಲಿ ಒಂದು ಹೊತ್ತು ಗೊತ್ತುಮಾಡಿ ಎಲ್ಲರೂ ಸೇರುತ್ತಾರೆ, ಡಬ್ಬಿಗಳು ಕೈಯಿಂದ ಕೈಗೆ ಹೋಗುತ್ತವೆ. ಅಂಚೆ ಖರ್ಚೂ ಉಳಿಯಿತು.

ಜರ್ಮನಿಯ ಎಸ್ಸೆನ್ ಊರಿನಲ್ಲಿ ಅಕ್ಟೋಬರ್‌ನಲ್ಲಿ ನಡೆಯುವ ಶ್ಪೀಲ್ ಅನ್ನುವ ಆಟಗಳ ಮೇಳ ಜೆನ್ ಕಾನ್‌ಗಿಂತ ದೊಡ್ಡದು, 2019ರಲ್ಲಿ ಬಂದವರು 2 ಲಕ್ಷಕ್ಕೂ ಮೇಲೆ. 1983ರಲ್ಲಿ ಶುರುವಾದ ಇದರ ರೀತಿ ಬೇರೆ. ಇಲ್ಲಿ ವೇಳಾಪಟ್ಟಿ ಹಿಡಿದು ಆಡುವುದು ಕಡಿಮೆ. ಪ್ರಕಾಶಕರ ಮಳಿಗೆಗಳಲ್ಲೇ ಮೇಜು ಹಾಕಿರುತ್ತಾರೆ, ಮನೆಮಂದಿಯೆಲ್ಲ ಬಂದು ಕೂತು ಹೊಸ ಆಟ ಆಡಿ ನೋಡಿ, ಇಷ್ಟವಾದರೆ ಕೊಂಡುಹೋಗುತ್ತಾರೆ. ಜರ್ಮನಿಯಲ್ಲಿ ಬೋರ್ಡ್ ಗೇಮ್ ಅಂದರೆ ಪುಸ್ತಕದಷ್ಟೇ ಗೌರವ. ವಿಮರ್ಶಕರು ಸೇರಿ ಕೊಡುವ ವರ್ಷದ ಆಟ ಪ್ರಶಸ್ತಿ 1979ರಿಂದ ಇದೆ. ಕಟಾನ್‌ಗೂ ಅದು 1995ರಲ್ಲಿ ಬಂತು. ಆಟ ಕಟ್ಟಿದವರ ಹೆಸರು ಡಬ್ಬಿಯ ಮೇಲೆ ಅಚ್ಚಾಗುವುದು ಈಗ ಮಾಮೂಲು. ಅದು ಸುಮ್ಮನೆ ಬಂದ ಹಕ್ಕಲ್ಲ. 1988ರಲ್ಲಿ ನ್ಯೂರೆಂಬರ್ಗ್ ಆಟಿಕೆ ಮೇಳಕ್ಕೆ ಬಂದಿದ್ದ ಆಟ ಕಟ್ಟುವ ಕೆಲವರು, ಬಿಯರ್ ಲೋಟದ ಕೆಳಗಿಡುವ ರಟ್ಟಿನ ಮೇಲೆ ಒಂದು ಪ್ರತಿಜ್ಞೆ ಬರೆದು ಸಹಿ ಹಾಕಿದರು: ನಮ್ಮ ಹೆಸರು ಡಬ್ಬಿಯ ಮೇಲೆ ಹಾಕದ ಪ್ರಕಾಶಕರಿಗೆ ಆಟ ಕೊಡುವುದಿಲ್ಲ. ಅಲ್ಲೂ ನೋಡಿ, ಒಂದೇ ಮೇಜಿಗೆ ಸೇರಿದ್ದರಿಂದಲೇ ಆದ ಕೆಲಸ.

ಅಪರಿಚಿತರ ಜೊತೆ ಕತೆ ಕಟ್ಟುವಾಗ ಒಂದು ಎಚ್ಚರ ಬೇಕು. ನಿಮಗೆ ರೋಚಕ ಅನ್ನಿಸಿದ್ದು ಪಕ್ಕದವರ ಬದುಕಿನ ಹಳೆಯ ಗಾಯ ಆಗಿರಬಹುದು. ಅದಕ್ಕೆ ಎಷ್ಟೋ ಮೇಜುಗಳಲ್ಲಿ ಎಕ್ಸ್ ಕಾರ್ಡ್ ಇಡುತ್ತಾರೆ. ಗುಣಿಸು ಗುರುತು ಬರೆದ ಒಂದು ಚೀಟಿ, ಮೇಜಿನ ನಡುವೆ. ಕತೆ ಸಹಿಸಲಾಗದ ಕಡೆ ಹೋಗುತ್ತಿದೆ ಅನ್ನಿಸಿದರೆ ಯಾರು ಬೇಕಾದರೂ ಅದನ್ನು ಮುಟ್ಟಬಹುದು. ಆ ಪ್ರಸಂಗ ಅಲ್ಲಿಗೇ ಬಿಟ್ಟು ಕತೆ ಬೇರೆ ಕಡೆ ತಿರುಗುತ್ತದೆ. ಯಾಕೆ ಅಂತ ಯಾರೂ ಕೇಳುವುದಿಲ್ಲ. ಇಷ್ಟು ಚಿಕ್ಕ ಉಪಾಯ ಇಷ್ಟು ದೊಡ್ಡ ಕೆಲಸ ಮಾಡುವುದನ್ನು ಬೇರೆಲ್ಲೂ ನಾನು ಕಂಡಿಲ್ಲ.

ಮೈ ಕಡೆಗೂ ಗಮನ ಇರಲಿ. ಸಮ್ಮೇಳನಗಳಿಗೆ ಹೋಗಿ ಬಂದು ಪಳಗಿದವರು 5-2-1 ಅನ್ನುತ್ತಾರೆ: ದಿನಕ್ಕೆ ಐದು ಗಂಟೆಯಾದರೂ ನಿದ್ದೆ, ಎರಡು ಹೊತ್ತಾದರೂ ಊಟ, ಒಂದು ಸ್ನಾನ. ಇದು ಕನಿಷ್ಠ. ಸಾವಿರಾರು ಕೈ ಒಂದೇ ದಾಳ, ಒಂದೇ ಎಲೆ ಮುಟ್ಟುವ ಜಾಗದಿಂದ ಶೀತ ಜ್ವರ ಹಿಡಿಸಿಕೊಂಡು ಮನೆಗೆ ಹೋಗುವವರು ಬಹಳ. ಕೈ ತೊಳೆಯುತ್ತಾ ಇರಿ, ನೀರಿನ ಬಾಟಲಿ ಜೊತೆಗಿರಲಿ. ಖರ್ಚಿನ ವಿಷಯಕ್ಕೆ ಬಂದರೆ, ಬ್ಯಾಡ್ಜ್‌ಗಿಂತ ಹೋಟೆಲ್ ಕೋಣೆ ದುಬಾರಿ. ನಡೆದು ಹೋಗುವಷ್ಟು ಹತ್ತಿರದ ಕೋಣೆಗೆ ಸಿಕ್ಕಾಪಟ್ಟೆ ಪೈಪೋಟಿ. ಅಮೆರಿಕದಲ್ಲಿರುವ ಕನ್ನಡಿಗರು ನಾಲ್ಕು ಜನ ಸೇರಿ ಕೋಣೆ ಹಂಚಿಕೊಂಡರೆ ಅರ್ಧ ಭಾರ ಇಳಿಯುತ್ತದೆ. ಇಲ್ಲಿಂದ ಹೋಗುವವರು ವೀಸಾ ಕೆಲಸ ತಿಂಗಳುಗಟ್ಟಲೆ ಮೊದಲೇ ಶುರು ಮಾಡಬೇಕು.

ಅಷ್ಟು ದೂರ ಹೋಗಲಾಗದಿದ್ದರೂ ನಷ್ಟ ಇಲ್ಲ. ಬೆಂಗಳೂರಿನಲ್ಲಿ ಬೋರ್ಡ್ ಗೇಮ್ ಕೆಫೆಗಳಿವೆ, ವಾರಾಂತ್ಯದಲ್ಲಿ ಸೇರಿ ಆಡುವ ಗುಂಪುಗಳಿವೆ, ಒಬ್ಬರೇ ಹೋದರೂ ಮೇಜಿಗೆ ಸೇರಿಸಿಕೊಳ್ಳುತ್ತಾರೆ. ಬೆಂಗಳೂರಿನ ಕಾಮಿಕ್ ಕಾನ್ ನೋಡಿದವರು ಜೆನ್ ಕಾನ್ ಕೂಡ ಅದೇ ಇರಬೇಕು ಅಂದುಕೊಳ್ಳಬಹುದು. ವೇಷ ಹಾಕಿದವರು ಎರಡೂ ಕಡೆ ಇರುತ್ತಾರೆ ನಿಜ. ಆದರೆ ಕಾಮಿಕ್ ಕಾನ್‌ಗೆ ಜನ ಹೋಗುವುದು ಮುಖ್ಯವಾಗಿ ನೋಡಲು, ಜೆನ್ ಕಾನ್‌ಗೆ ಹೋಗುವುದು ಕೂತು ಆಡಲು.

ಮೈಸೂರಿಗಂತೂ ಈ ಹವ್ಯಾಸ ಹೊಸದೇ ಅಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಆಟ ಕಟ್ಟುವುದರಲ್ಲಿ ಮುಳುಗಿದ್ದ ಅರಸರು. ಅವರ ಕಾಲದ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಅನ್ನುವ ಭಾಗದಲ್ಲಿ ಆಟಗಳ ವಿವರ ಇದೆ. ಗಂಜೀಫ ಎಲೆಗಳಲ್ಲಿ ಅವರು ಹೊಸ ಹೊಸ ಆಟಗಳನ್ನು ರೂಪಿಸಿದರು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಕ್ರೀಡಾ ಕೌಶಲ್ಯ ಹೆಸರಿನ ಪ್ರದರ್ಶನಗಳಲ್ಲಿ ಪಗಡೆ ಹಾಸು, ಅಳಗುಳಿ ಮಣೆ, ಹುಲಿ ಕುರಿ ಆಟಗಳನ್ನು ಹೊಸದಾಗಿ ಮಾಡಿಸಿ ಜನರ ಕೈಗೆ ಕೊಟ್ಟಿದೆ. ಅಳಗುಳಿ ಮಣೆ ಹೊರಗೆ ತೆಗೆದರೆ ಸಾಕು, ನಿಯಮ ಗೊತ್ತಿರುವ ಅಜ್ಜಿ ಒಬ್ಬರು ಇನ್ನೂ ಎಷ್ಟೋ ಮನೆಗಳಲ್ಲಿ ಸಿಗುತ್ತಾರೆ. ಅವರ ಎದುರು ಕೂತು ಈಗಲೇ ಕಲಿತುಕೊಳ್ಳಿ ಅಂತ ನಾನು ಕೈಮುಗಿದು ಕೇಳುತ್ತೇನೆ.

ನೀವೇ ಒಂದು ಮೇಜು ಶುರು ಮಾಡುವುದಾದರೆ, ಮುಕ್ಕಾಲು ಗಂಟೆಯೊಳಗೆ ಮುಗಿಯುವ ಆಟ ಆರಿಸಿಕೊಳ್ಳಿ. ಹಿಂದಿನ ರಾತ್ರಿ ಡಬ್ಬಿ ಬಿಚ್ಚಿ ಒಬ್ಬರೇ ಎರಡು ಕೈ ಆಡಿ ನೋಡಿ. ಹೇಳಿಕೊಡುವಾಗ ಗೆಲ್ಲುವುದು ಹೇಗೆ ಅನ್ನುವುದನ್ನು ಮೊದಲು ಹೇಳಿ, ಒಂದು ಸರದಿಯಲ್ಲಿ ಏನೇನು ಮಾಡಬಹುದು ಅನ್ನುವುದನ್ನು ಆಮೇಲೆ. ವಿಶೇಷ ನಿಯಮಗಳು ಆಟದಲ್ಲಿ ಎದುರಾದಾಗ ಹೇಳಿದರೆ ಸಾಕು. ಮೊದಲ ಆಟದಲ್ಲಿ ಹೊಸಬರು ತಪ್ಪು ನಡೆ ಇಟ್ಟರೆ ಹಿಂದಕ್ಕೆ ತೆಗೆದುಕೊಳ್ಳಲು ಬಿಡಿ. ತಿಂಡಿಗೆ ಎಣ್ಣೆ ಜಿಡ್ಡಿಲ್ಲದ್ದು ಇಡಿ, ಎಲೆಗಳಿಗೆ ಕಲೆ ಆಗುವುದಿಲ್ಲ. ಮತ್ತೆ, ಎಲ್ಲರೂ ಎದ್ದು ಚಪ್ಪಲಿ ಹಾಕಿಕೊಳ್ಳುವ ಮುಂಚೆಯೇ ಮುಂದಿನ ಸಲ ಯಾವತ್ತು ಸೇರುವುದು ಅಂತ ದಿನ ಗೊತ್ತು ಮಾಡಿಕೊಂಡುಬಿಡಿ. ಆಮೇಲೆ ವಾಟ್ಸಾಪ್‌ನಲ್ಲಿ ಕೇಳಿದರೆ ಆ ದಿನ ಸಿಗುವುದು ಕಷ್ಟ.